ಅರ್ಥವಾಗದ ಅಪ್ಪ

ಮನೆಯಲ್ಲಿ ಪಿಯುಸಿ ಓದುವ ಮಗಳೊಬ್ಬಳಿದ್ದರೆ ಅಪ್ಪನಾದವನಿಗೆ ಜ್ಞಾನ ತಾನೇ ತಾನಾಗಿ ಉಕ್ಕತೊಡಗುತ್ತದೆ. ತನ್ನ ಕಾಲದಲ್ಲಿ ಬಿಸಿಲು ಮುಖಕ್ಕೆ ಬೀಳುವ ತನಕ ಹಾಸಿಗೆ ಬಿಡದಿದ್ದವನು ಬ್ರಾಹ್ಮೀ ಮುಹೂರ್ತದ ಮಹಿಮೆಯನ್ನು ವರ್ಣಿಸುತ್ತಾನೆ. ಪರೀಕ್ಷೆಯ ಹಿಂದಿನ ದಿನ ಗೆಳೆಯರ ನೋಟ್ಸಿಗಾಗಿ ಊರೆಲ್ಲ ಅಲೆದವನು ಅಂದಿನ ಪಾಠವನ್ನು ಅಂದೇ ಓದಬೇಕೆಂದು ಉಪದೇಶಿಸುತ್ತಾನೆ. ನನ್ನನ್ನೂ ಈ ಗುಂಪಿಗೆ ಸೇರಿಸಿಕೊಳ್ಳಿ. ಮಗಳು ಸಿಂಚನಾ ಯಲಹಂಕದ ಒಂದು ಕಾಲೇಜಿನಲ್ಲಿ ಫಸ್ಟ್ ಪಿಯುಸಿ ಸೈನ್ಸ್ ಸೇರಿದ ದಿನದಿಂದ ನಾನು ಪಕ್ಕದ ಕೋಗಿಲು ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಿದ್ಯಾಭ್ಯಾಸ ತಜ್ಞನಾಗಿದ್ದೆ. ರಾತ್ರಿ ನೆನೆಸಿಟ್ಟ ಬಾದಾಮಿ, ಬೆಳಗಿನ ಪ್ರಾಣಾಯಾಮ, ಪೂರ್ವಕ್ಕೆ ಮುಖ ಮಾಡಿದ ಮೇಜು, ಎಲ್ಲವೂ ನನ್ನ ಕೊಡುಗೆಗಳೇ. ಬಾದಾಮಿಯನ್ನಂತೂ ಅವಳಿಗಿಂತ ನಾನೇ ಹೆಚ್ಚು ತಿಂದೆ. ನೆನಪಿನ ಶಕ್ತಿ ಹೆಚ್ಚಿತೋ ಇಲ್ಲವೋ ನೆನಪಿಲ್ಲ.

ಸಿಂಚನಾ ಸೋಮಾರಿಯಲ್ಲ. ಪುಸ್ತಕದ ಮುಖ್ಯ ಸಾಲುಗಳಿಗೆಲ್ಲ ಬಣ್ಣದ ಪೆನ್ನಿನಿಂದ ಗೆರೆ ಎಳೆಯುತ್ತಿದ್ದಳು. ಯಾವ ಸಾಲು ಮುಖ್ಯವಲ್ಲ ಎಂದು ಹೇಳುವ ಧೈರ್ಯ ಅವಳಿಗಿಲ್ಲದ್ದರಿಂದ ಇಡೀ ಫಿಸಿಕ್ಸ್ ಪುಸ್ತಕ ಹಳದಿಗೆ ತಿರುಗಿ, ಅರಿಸಿನ ಶಾಸ್ತ್ರಕ್ಕೆ ಕೂರಿಸಿದ ಮದುಮಗಳಂತೆ ಕಾಣುತ್ತಿತ್ತು. ಇಷ್ಟಾದರೂ ಮೊದಲ ಟೆಸ್ಟಿನಲ್ಲಿ ಫಿಸಿಕ್ಸ್ ಕೈಕೊಟ್ಟಿತು. ಸಂಜೆ ನಾನು ಕೆಲಸದಿಂದ ಬಂದಾಗ ಅವಳು ಬಾಲ್ಕನಿಯಲ್ಲಿ ಒಣಗಿದ ಬಟ್ಟೆಗಳ ನಡುವೆ ಕೂತಿದ್ದಳು.

"ಅಪ್ಪ, ನಾನು ಸೈನ್ಸ್ ಬಿಡ್ತೀನಿ," ಎಂದಳು. "ಕ್ಲಾಸಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ. ನನಗೊಬ್ಬಳಿಗೇ ಆಗಲ್ಲ. ನಾನು ದಡ್ಡಿ."

ನನ್ನ ಉಪದೇಶದ ಭಂಡಾರವನ್ನೆಲ್ಲ ತಡಕಾಡಿದೆ. ಅವಳ ಕಣ್ಣು ಕೆಂಪಗಾಗಿತ್ತು. ಬಾದಾಮಿ ತಿನ್ನುತ್ತೀಯಾ ಎಂದು ಕೇಳಿದೆ. ಒಳಗಿನಿಂದ ನನ್ನ ಹೆಂಡತಿ ಶೈಲಾ, "ರೀ, ಸ್ವಲ್ಪ ಸುಮ್ನಿರಿ," ಎಂದಳು.

ಮರುದಿನ ನಾವಿಬ್ಬರೂ ಮಗಳ ಫಿಸಿಕ್ಸ್ ಲೆಕ್ಚರರ್ ಬಿರಾದಾರ ಮೇಡಂ ಅವರನ್ನು ಕಂಡೆವು. ಅವರು ವಿಜಯಪುರದ ಕಡೆಯವರು. ಮಾತಿನಲ್ಲಿ ಜೋಳದ ರೊಟ್ಟಿಯ ಖಡಕ್ಕೂ ಇತ್ತು, ಬೆಣ್ಣೆಯೂ ಇತ್ತು.

"ನೋಡ್ರಿ ಸರ, ಹುಡುಗಿ ಓದ್ತಾಳ, ಖರೆ. ಆದ್ರ ಓದೂದು ಬ್ಯಾರೆ, ತಿಳಕೊಳ್ಳೂದು ಬ್ಯಾರೆ. ದಿನಾ ಕಲ್ತದ್ದನ್ನ ಮನ್ಯಾಗ ಯಾರಿಗಾದ್ರೂ ಹೇಳಿಕೊಡ್ಲಿ. ಎಲ್ಲಿ ತೊಡರ್ತಾಳೋ ಅಲ್ಲಿ ತಿಳಿದಿಲ್ಲ ಅಂತ ಲೆಕ್ಕ."

"ಯಾರಿಗೆ ಹೇಳಿಕೊಡೋದು ಮೇಡಂ?" ಎಂದು ಶೈಲಾ ಕೇಳಿದಳು.

ಮೇಡಂ ನನ್ನನ್ನು ನೋಡಿದರು. ಶೈಲಾ ಕೂಡ ನೋಡಿದಳು. ನಾನು ಗೋಡೆಯ ಗಡಿಯಾರ ನೋಡಿದೆ.

ಹೀಗೆ ನಡುವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿಯಾದೆ. ಊಟದ ಮೇಜೇ ತರಗತಿ. ಮಗಳು ಯಲಹಂಕದ ಅಂಗಡಿಯಿಂದ ಪುಟ್ಟ ಬಿಳಿ ಹಲಗೆಯೊಂದನ್ನು ತಂದು ಫ್ರಿಜ್ಜಿಗೆ ಒರಗಿಸಿದಳು. ವಿದ್ಯಾರ್ಥಿಯಾದ ಕೂಡಲೇ ವಿದ್ಯಾರ್ಥಿಯ ಬುದ್ಧಿಯೂ ಮರಳಿ ಬಂತು. ಯಶವಂತಪುರದ ನಮ್ಮ ಪಂಪ್‌ಸೆಟ್ ಕಂಪನಿಯಿಂದ ಹೊರಟವನು ಬೇಕೆಂದೇ ತಡ ಮಾಡಿ, ಹೆಬ್ಬಾಳದಲ್ಲಿ ಜಾಮ್ ಎಂದು ಫೋನಿನಲ್ಲಿ ನರಳುತ್ತಿದ್ದೆ. ಹೆಬ್ಬಾಳದಲ್ಲಿ ಜಾಮ್ ಎಂದರೆ ಈ ಊರಿನಲ್ಲಿ ಯಾರೂ ಸಾಕ್ಷಿ ಕೇಳುವುದಿಲ್ಲ. ಮಗಳು ಮಾತ್ರ ಮೊಬೈಲಿನ ಮ್ಯಾಪು ನೋಡಿ, "ಅಪ್ಪ, ರೋಡೆಲ್ಲ ಹಸಿರಾಗಿದೆ. ಬೇಗ ಬಾ," ಎನ್ನುತ್ತಿದ್ದಳು.

ಒಂದು ಸಂಜೆ ಪಾಠದ ನಡುವೆ ಕಣ್ಣು ಎಳೆಯುತ್ತಿತ್ತು.

"ಅಪ್ಪ, ನಾನೀಗ ಏನು ಹೇಳಿದೆ?"

"ನಾನೀಗ ಏನು ಹೇಳಿದೆ ಅಂತ ಹೇಳಿದೆ," ಎಂದೆ. ಅಂದು ಇಡೀ ಪಾಠವನ್ನು ನಿಂತುಕೊಂಡೇ ಕೇಳಬೇಕಾಯಿತು. ಶೈಲಾ ಅಡುಗೆಮನೆಯಿಂದ ಬಗ್ಗಿ ನೋಡಿ, ಬಹಳ ದಿನಗಳ ಮೇಲೆ ಮನಸಾರೆ ನಕ್ಕಳು.

ಆದರೆ ಒಂದು ವಿಷಯದಲ್ಲಿ ನಾನು ಪ್ರಾಮಾಣಿಕನಾಗಿದ್ದೆ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನುತ್ತಿದ್ದೆ. ಅದಕ್ಕೆ ಕಾರಣ ಸತ್ಯನಿಷ್ಠೆಯಲ್ಲ. ಅರ್ಥವಾಯಿತು ಎಂದರೆ ಅವಳು ತಕ್ಷಣ ಪ್ರಶ್ನೆ ಕೇಳುತ್ತಿದ್ದಳು. ವರ್ಷಗಟ್ಟಲೆ ಪಂಪ್ ಮಾರಿದ ನನಗೆ ನೀರು ಮೇಲಕ್ಕೆ ಏರುವುದು ಏಕೆಂದು ತಿಳಿದದ್ದು ಆ ಊಟದ ಮೇಜಿನಲ್ಲಿ, ನಾಲ್ಕನೆಯ ಸಲ ಹೇಳಿಸಿಕೊಂಡ ಮೇಲೆ.

ಒಂದು ದಿನ ಅವಳು ನ್ಯೂಟನ್ನನ ಮೂರನೆಯ ನಿಯಮ ಹೇಳಿದಳು. ನಾವು ಒಂದು ವಸ್ತುವನ್ನು ಎಷ್ಟು ತಳ್ಳುತ್ತೇವೋ ಅದೂ ನಮ್ಮನ್ನು ಅಷ್ಟೇ ತಳ್ಳುತ್ತದಂತೆ. ನನಗೆ ಹೆಬ್ಬಾಳದ ಫ್ಲೈಓವರ್ ಮೇಲೆ ಕೆಟ್ಟು ನಿಂತ ನನ್ನ ಸ್ಕೂಟರನ್ನು ತಳ್ಳಿದ್ದು ನೆನಪಾಯಿತು.

"ತಾಳು," ಎಂದೆ. "ನಾನು ಸ್ಕೂಟರ್ ತಳ್ಳಿದಷ್ಟೇ ಸ್ಕೂಟರೂ ನನ್ನ ತಳ್ಳಿದ್ರೆ ಎರಡೂ ಸಮ ಆಗ್ಹೋಯ್ತು. ಮತ್ತೆ ಸ್ಕೂಟರ್ ಮುಂದಕ್ಕೆ ಹೋಗಿದ್ದು ಹೇಗೆ?"

ಮಗಳು ಬಾಯಿ ತೆರೆದಳು. ಮುಚ್ಚಿದಳು. ಹಲಗೆಯ ಮೇಲೆ ಎರಡು ಬಾಣ ಬರೆದಳು, ಅಳಿಸಿದಳು. ಪುಸ್ತಕದ ಹಳದಿ ಸಾಲುಗಳನ್ನು ತಿರುವಿದಳು. ಕೊನೆಗೆ ಪೆನ್ನು ಕೆಳಗಿಟ್ಟು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಗಲೇ ನೊಂದಿದ್ದ ಹುಡುಗಿ. ಸುಮ್ಮನೆ ಸ್ಕೂಟರ್ ತಳ್ಳಿಕೊಂಡು ಹೋಗುವುದು ಬಿಟ್ಟು ಅದು ಮುಂದಕ್ಕೆ ಹೋಗಿದ್ದು ಹೇಗೆ ಎಂದು ಕೇಳುವ ಕರ್ಮ ನನಗೇಕೆ ಬೇಕಿತ್ತು? ಊಟ ಸೇರಲಿಲ್ಲ. "ನಾಳೆಯಿಂದ ಎಲ್ಲದಕ್ಕೂ ತಲೆ ಆಡಿಸಿಬಿಡ್ತೀನಿ," ಎಂದು ಶೈಲಾಗೆ ಹೇಳಿದೆ. "ಹಾಗೆ ಮಾಡಿದ್ರೆ ಇಬ್ಬರೂ ಫೇಲ್," ಎಂದಳು ಅವಳು.

ಮರುದಿನ ನಾನು ಜಾಮಿನ ನೆಪ ಹೇಳದೆ ಬೇಗನೆ ಮನೆ ಸೇರಿದ್ದೆ. ಸಂಜೆ ಸಿಂಚನಾ ಬಸ್ಸಿಳಿದು ಓಡಿಕೊಂಡೇ ಬಂದಳು.

"ಅಪ್ಪ, ಇವತ್ತು ಕ್ಲಾಸಲ್ಲಿ ಕೈ ಎತ್ತಿ ನಿನ್ನ ಸ್ಕೂಟರ್ ಡೌಟ್ ಕೇಳಿದೆ. ಎಲ್ಲರೂ ನಗ್ತಾರೆ ಅಂದ್ಕೊಂಡಿದ್ದೆ. ಒಬ್ಬರೂ ನಗಲಿಲ್ಲ. ಯಾರಿಗೂ ಗೊತ್ತೇ ಇರಲಿಲ್ಲ. ಆಮೇಲೆ ಮೇಡಂ ಬಿಡಿಸಿ ಹೇಳಿದ್ರು."

ಅವಳ ಮುಖದಲ್ಲಿ ಹುಣ್ಣಿಮೆ. ತನಗೊಬ್ಬಳಿಗೇ ಅರ್ಥವಾಗುತ್ತಿಲ್ಲ ಎಂದುಕೊಂಡು ತಿಂಗಳುಗಟ್ಟಲೆ ಬಾಯಿ ಕಟ್ಟಿಕೊಂಡು ಕೂತಿದ್ದ ಹುಡುಗಿಗೆ ಇಡೀ ತರಗತಿಯೇ ಹಾಗೆ ಕೂತಿದೆ ಎಂದು ತಿಳಿದುಬಿಟ್ಟಿತ್ತು. ಚೀಲವನ್ನೂ ಇಳಿಸದೆ ಪಾಠ ಶುರುಮಾಡಿದಳು.

"ನೋಡು, ನೀನು ತಳ್ಳಿದ್ದು ಸ್ಕೂಟರ್ ಮೇಲೆ. ಸ್ಕೂಟರ್ ತಳ್ಳಿದ್ದು ನಿನ್ನ ಮೇಲೆ. ಬೇರೆ ಬೇರೆಯವರಿಗೆ ಬಿದ್ದಿದ್ದನ್ನ ಸೇರಿಸಿ ಸೊನ್ನೆ ಮಾಡೋಕಾಗಲ್ಲ. ಈಗ ಅಮ್ಮ ನಿನಗೆ ಬೈತಾಳೆ, ನೀನು ಅಮ್ಮನಿಗೆ ಅಷ್ಟೇ ಬೈತೀಯ ಅಂದ್ಕೋ. ಸಮ ಆಗಿ ಶಾಂತಿ ಆಗುತ್ತಾ? ಇಬ್ಬರಿಗೂ ಕೋಪ ಬರುತ್ತೆ."

"ಅವರು ನನಗೆ ಬೈಯೋದಾ? ಯಾವಾಗ?" ಎಂದು ಅಡುಗೆಮನೆಯಿಂದ ಶೈಲಾಳ ಕ್ರಿಯೆ ತೂರಿ ಬಂತು. ಪ್ರತಿಕ್ರಿಯೆ ಕೊಡುವ ಧೈರ್ಯ ನನಗಿರಲಿಲ್ಲ. ಆದರೆ ಪಾಠ ಅರ್ಥವಾಯಿತು.

ಆಮೇಲೆ ಅವಳು ಕೈ ಎತ್ತುವುದನ್ನು ನಿಲ್ಲಿಸಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳು ಬಂದವು. ಸೈನ್ಸ್ ಬಿಡುವ ಮಾತು ಮತ್ತೆ ಏಳಲಿಲ್ಲ. ಪೋಷಕರ ಸಭೆಗೆ ನಾನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋದೆ. ತಂದೆಯ ತ್ಯಾಗದ ಬಗ್ಗೆ ಯಾರಾದರೂ ಕೇಳಿದರೆ ಹೇಳಲು ನಾಲ್ಕು ವಿನಯದ ಮಾತುಗಳೂ ಸಿದ್ಧವಿದ್ದವು. ಬಿರಾದಾರ ಮೇಡಂ ಮಗಳ ಬೆನ್ನು ತಟ್ಟಿ, "ಏನವಾ, ಹೆಂಗ ಸಾಧಿಸಿದಿ ಇದನ್ನ?" ಎಂದು ಕೇಳಿದರು.

"ಅಪ್ಪನಿಂದ ಮೇಡಂ," ಎಂದಳು ಸಿಂಚನಾ. ನಾನು ಗಂಟಲು ಸರಿಮಾಡಿಕೊಂಡೆ. "ಅಪ್ಪನಿಗೆ ಏನು ಹೇಳಿದ್ರೂ ಬೇಗ ಅರ್ಥ ಆಗಲ್ಲ. ಅವರಿಗೆ ಅರ್ಥ ಮಾಡಿಸೋಷ್ಟರಲ್ಲಿ ನನಗೆ ಪೂರ್ತಿ ಬಂದ್ಬಿಡುತ್ತೆ."

ಮೇಡಂ ಗಂಭೀರವಾಗಿ ತಲೆದೂಗಿದರು. "ಪುಣ್ಯಾ ಮಾಡಿದ್ದಿ. ಇಂಥವ್ರು ಎಲ್ಲಾರ ಮನ್ಯಾಗೂ ಇರಂಗಿಲ್ಲ."

ಹಿಂದಿನ ಸಾಲಿನ ಪೋಷಕರು ಇದನ್ನು ಕೇಳಿಸಿಕೊಂಡರು. ಅವರಲ್ಲಿ ನಮ್ಮ ಅಪಾರ್ಟ್‌ಮೆಂಟಿನವರೂ ಇದ್ದರು. ಆ ಭಾನುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಮೇಲಿನ ಮಹಡಿಯ ಚಂದನ್, ಕಾಮರ್ಸ್ ಓದುವ ಹುಡುಗ, ಎಕನಾಮಿಕ್ಸ್ ಪುಸ್ತಕ ಹಿಡಿದು ನಿಂತಿದ್ದ. ಜೊತೆಗಿದ್ದ ಗೆಳೆಯನ ಕಿವಿಯಲ್ಲಿ, "ಇವರೇ ಮಗಾ. ಈ ಅಂಕಲ್‌ಗೆ ಅರ್ಥ ಮಾಡ್ಸಿದ್ರೆ ಎಕ್ಸಾಮು ಏನೂ ಅಲ್ಲ ಕಣೋ," ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಪಾಠ ಶುರುವಾಯಿತು. "ಅಂಕಲ್, ನೀವೀಗ ಇಲ್ಲಿ ಕೂತಿದ್ದೀರಿ. ಅದಕ್ಕೋಸ್ಕರ ಬೇರೆ ಕೆಲಸ ಬಿಟ್ಟಿದ್ದೀರಿ. ಹಾಗೆ ಬಿಟ್ಟಿದ್ದರ ಬೆಲೆನೇ ಆಪರ್ಚುನಿಟಿ ಕಾಸ್ಟ್."

ಬದುಕಿನಲ್ಲಿ ಮೊದಲ ಬಾರಿಗೆ ಪಾಠವೊಂದು ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಬಿಟ್ಟು ಬಂದ ಮೆಣಸಿನಕಾಯಿ ಬಜ್ಜಿ, ಟೀವಿಯ ಕ್ರಿಕೆಟ್ಟು, ಮಧ್ಯಾಹ್ನದ ನಿದ್ದೆ, ಮೂರನ್ನೂ ಮನಸ್ಸಿನಲ್ಲೇ ಕೂಡಿಸಿ ದುಃಖಪಟ್ಟೆ. ಆದರೆ ಆಸೆಗಣ್ಣಿನಿಂದ ನೋಡುತ್ತಿದ್ದ ಹುಡುಗರನ್ನು ನಿರಾಸೆಗೊಳಿಸಲು ಮನಸ್ಸು ಬರಲಿಲ್ಲ. ನಟನೆ ಮಾಡಿ, "ಅರ್ಥ ಆಗ್ಲಿಲ್ಲಪ್ಪ," ಎಂದೆ.

ಚಂದನ್ ಉತ್ಸಾಹದಿಂದ ಮುಂದಕ್ಕೆ ಬಾಗಿದ. "ಸರಿ ಅಂಕಲ್. ಎಲ್ಲರೂ ಮಾಡೋ ತಪ್ಪು ಏನಂದ್ರೆ, ಬಿಟ್ಟಿದ್ದನ್ನೆಲ್ಲ ಕೂಡಿಸಿಬಿಡ್ತಾರೆ. ಹಾಗಲ್ಲ. ಬಿಟ್ಟಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೇದು ಯಾವುದೋ, ಅದೊಂದೇ ಲೆಕ್ಕ."

ಬಜ್ಜಿಯನ್ನೂ ನಿದ್ದೆಯನ್ನೂ ಅಕ್ಕಪಕ್ಕ ಇಟ್ಟು ತೂಗಿ ನೋಡಿದೆ. ಯಾವುದು ಹೆಚ್ಚು ಎಂದು ತೀರ್ಮಾನವಾಗಲಿಲ್ಲ.

"ಇನ್ನೊಂದು ಸಲ ಹೇಳು," ಎಂದೆ. ಈ ಸಲ ಅದು ನಟನೆಯಾಗಿರಲಿಲ್ಲ.