ಆರು ಗುಂಟೆಯಲ್ಲಿ ಕಿವಿಯ ಬೆಳೆ

ಪಾಂಡವಪುರದ ಸುತ್ತಮುತ್ತ ನಾಲೆಯ ನೀರು ಸಿಕ್ಕವರೆಲ್ಲ ಕಬ್ಬು ಬೆಳೆಯುತ್ತಾರೆ, ಇಲ್ಲವೇ ಭತ್ತ. ನಮ್ಮ ಸೋದರಮಾವ ಮಾತ್ರ ಕಿವಿ ಬೆಳೆಯಲು ಹೊರಟವರು!

ನಗಬೇಡಿ. ಅವರು ಹವ್ಯಾಸಿ ರೇಡಿಯೊದವರು. ಲೈಸೆನ್ಸು ಪಡೆದು, ಮೋರ್ಸ್ ಸಂಕೇತ ಟಕಟಕ ಕುಟ್ಟಿ ಹೊರದೇಶದವರನ್ನು ಮಾತಾಡಿಸುವ ಜಾತಿ. ರೇಡಿಯೊದಲ್ಲಿ ತಮ್ಮ ಗುರುತಾದ ಕರೆಹೆಸರನ್ನಂತೂ ಊಟದ ತಟ್ಟೆ, ಮಂಚ, ಕೊನೆಗೆ ಎಮ್ಮೆಯ ಬೆನ್ನಿನ ಮೇಲೂ ಬೆರಳಲ್ಲಿ ಕುಟ್ಟುತ್ತಿದ್ದರು. ಉದ್ದನೆಯ ಅಲೆಗಳ ಬ್ಯಾಂಡಿನಲ್ಲಿ ಅವರ ಕೂಗು ಸಮುದ್ರ ದಾಟುತ್ತಿತ್ತು, ಉತ್ತರ ಮಾತ್ರ ಗೊರಗೊರ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಪೋರ್ಚುಗಲ್ಲಿನ ಗೆಳೆಯನೊಬ್ಬ ಇಮೇಲ್ ಬರೆದ: "ನಾನು ಪ್ರತಿ ಸಲವೂ ಉತ್ತರ ಕೊಡುತ್ತಿದ್ದೇನೆ. ನಿನಗೆ ಬರೀ ಬಾಯಿ, ಕಿವಿಯೇ ಇಲ್ಲ!" ಮಾವನಿಗೆ ಚುರುಕ್ಕೆಂದಿತು. ಅವನ ಉತ್ತರವನ್ನು ಒಮ್ಮೆಯಾದರೂ ಕೇಳಲೇಬೇಕು, ಅದಕ್ಕೆ ಕೇಳುವ ಆಂಟೆನಾ ಬೇರೆಯೇ ಬೇಕು.

ಮಾವನ ಎಡಕ್ಕೆ ಕೂತು ಮುದ್ದೆ ಬಡಿಸುತ್ತಿದ್ದ ಅತ್ತೆ ಅಂದರು: "ಮೂವತ್ತು ವರ್ಷದಿಂದ ಅಡುಗೆಮನೆಯಿಂದ ಕೂಗ್ತಾ ಇವ್ನಿ, ಅದೇ ಕೇಳಾಕಿಲ್ಲ. ಪೋರ್ಚುಗಲ್ಲು ಕೇಳ್ಬುಡ್ತದಾ?"

ಮೊದಲು ಆರಿಸಿದ್ದು ಉದ್ದ ತಂತಿ. ಆಳೆತ್ತರದಲ್ಲಿ ಐನೂರು ಅಡಿ ಎಳೆಯಬೇಕು. ಮಾವನದೋ, ಮನೆ, ಕೊಟ್ಟಿಗೆ, ತಿಪ್ಪೆಗುಂಡಿ ಎಲ್ಲ ಸೇರಿ ಆರೇ ಗುಂಟೆ! ಪಕ್ಕದ ಗದ್ದೆಯವನ ಬದುವಿನ ಮೇಲೆ ಎಳೆದೇಬಿಟ್ಟರು. ನಮ್ಮ ಕಡೆ ಬದುವಿನ ಹುಲ್ಲು ಕೊಯ್ದರೂ ಪಂಚಾಯಿತಿ ಸೇರುತ್ತದೆ, ತಂತಿ ಎಳೆದರೆ ಬಿಡುತ್ತಾರೆಯೇ? ಗದ್ದೆಯವನು ಮಚ್ಚು ಹಿಡಿದೇ ಬಂದ.

"ಏನ್ಲಾ, ಬದು ಒತ್ತಕ್ಕೆ ಅಳತೆ ದಾರ ಕಟ್ಟಿದ್ದೀಯಾ?"

"ಇಲ್ಲ ಕಣ್ಲಾ, ಪೋರ್ಚುಗಲ್ಲಿನೋನ ಸದ್ದು ಹಿಡಿಯಕ್ಕೆ."

"ಅವನ್ಗೂ ನನ್ನ ಬದುವೇ ಬೇಕಾಯ್ತಾ?"

ಬದು ಒತ್ತುವುದಿಲ್ಲವೆಂದು ಮಾವ ಎಮ್ಮೆಯ ಮೇಲೆ ಆಣೆ ಇಟ್ಟ ಮೇಲೆ ಅವನು ಒಪ್ಪಿದ. ಒಪ್ಪಿ, ತಂತಿಗೆ ಅವರೆ ಬಳ್ಳಿ ಹಬ್ಬಿಸಿದ. ಬಳ್ಳಿ ಹೂ ಬಿಡುವಷ್ಟರಲ್ಲಿ ಕಬ್ಬು ಕಟಾವು ಬಂತು. ಕಬ್ಬು ಹೇರಿದ ಟ್ರಾಕ್ಟರು ತಂತಿಯನ್ನೂ ಬಳ್ಳಿಯನ್ನೂ ಎಳೆದುಕೊಂಡು ನೇರ ಕಾರ್ಖಾನೆಯ ದಾರಿ ಹಿಡಿಯಿತು. ಆ ವರ್ಷದ ಸಕ್ಕರೆಯಲ್ಲಿ ನಮ್ಮ ಮಾವನ ಆಂಟೆನಾ ಎಷ್ಟಿತ್ತೋ!

ಮಾವ ಸೋಲೊಪ್ಪುವುದೇ? ಎಲ್ಲಾದರೂ ಉಂಟೇ! ಮಾವ ಬಿದಿರು ಸೀಳಿ, ಕೂಡಿಸುವ ಗುರುತಿನಂತೆ ಕಟ್ಟಿ, ಸುತ್ತ ತಂತಿ ಬಿಗಿದು, ಆಳೆತ್ತರದ ಚೌಕ ಆಂಟೆನಾ ಮಾಡಿದರು. ಮನೆಯ ಬಲ್ಬುಗಳು ರೇಡಿಯೊದಲ್ಲಿ ಎಬ್ಬಿಸುವ ಗಲಾಟೆಯಿಂದ ದೂರವಿದ್ದ ಜಾಗ ಒಂದೇ, ತಿಪ್ಪೆ. ಅಲ್ಲೇ ನೆಟ್ಟರು. ಇದನ್ನು ಕೈಯಲ್ಲಿ ತಿರುಗಿಸಬಹುದು, ಇದಕ್ಕೆ ಎರಡು ಕಿವುಡು ಮಗ್ಗುಲು. ಸದ್ದು ಮಾಡುವುದರ ಕಡೆ ಕಿವುಡು ಮಗ್ಗುಲು ತಿರುಗಿಸಿದರೆ ಅದು ಅಡಗುತ್ತದೆ.

"ಮೂವತ್ತು ವರ್ಷ ನನ್ನ ಕಡೆಗೆ ತಿರುಗಿಸಿದ್ದ ಮಗ್ಗುಲು ತಾನೇ?" ಅಂದರು ಅತ್ತೆ. "ಇದೂ ಕೇಳ್ದೆ ಓದ್ರೆ ಬಿದಿರು ಒಲೆಗೆ!"

ಮರುದಿನ ಸೂರ್ಯ ಹುಟ್ಟುವ ಹೊತ್ತು. ದೂರದ ಸದ್ದು ಏರಿ ಬರುವುದು ಆ ಕೆಲವೇ ನಿಮಿಷ. ಮಾವ ಕಿಟಕಿಯ ಬಳಿ ಸ್ಪೀಕರ್ ಇಟ್ಟು ಕೂತರು. ಚೌಕ ತಿರುಗಿಸಲು ತಿಪ್ಪೆಯ ಮೇಲೆ ನಾನು! ಸರಿಯಾಗಿ ಆಗಲೇ ಕರೆಂಟು ಬಂದು ಗದ್ದೆಯವನ ಪಂಪ್‌ಸೆಟ್ಟು ಶುರುವಾಯಿತು. ಸ್ಪೀಕರಿನಲ್ಲಿ ಗೊರ್ರ್! ಚೌಕವನ್ನು ಗೇಣಷ್ಟು ತಿರುಗಿಸಿದೆ, ಇನ್ನಷ್ಟು ತಿರುಗಿಸಿದೆ. ಗೊರಗೊರ ತಟ್ಟನೆ ತಗ್ಗಿತು. ಮಾವ ಕಿವಿಗೆ ಕೈ ಒಡ್ಡಿ ಕೂತೇ ಇದ್ದರು. ಮುಖ ಬಾಡುತ್ತಾ ಬಂತು. "ಏನೂ ಇಲ್ವಲ್ಲೋ."

ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟಿದ್ದ ಅತ್ತೆ ಕಿಟಕಿಯ ಮುಂದೆ ಗಕ್ಕನೆ ನಿಂತರು. "ಅಗೋ! ನಿಮ್ಮೆಸ್ರು ಬಾರಿಸ್ತಾವ್ನೆ! ತಟ್ಟೆ ಮೇಲೆ ದಿನಾ ನೀವು ಕುಟ್ಟೋದು ಅದೇಯಾ!"

ಮಾವ ಎಡಗಿವಿಯನ್ನು ಸ್ಪೀಕರಿಗೆ ಒತ್ತಿದರು. ಹೌದು, ಅದೇ! ಉತ್ತರ ಕುಟ್ಟಿದರು, ಪೋರ್ಚುಗಲ್ಲಿನವನ ಉತ್ತರ ಬಂತು, ವಂದನೆಯೂ ಬಂತು. ಮಾವ ಅಂಗಳಕ್ಕೆ ಓಡಿಬಂದು ತಿಪ್ಪೆಯ ಮೇಲಿದ್ದ ನನ್ನನ್ನು ಗೊಬ್ಬರದ ಸಮೇತ ತಬ್ಬಿಕೊಂಡರು. ಗದ್ದೆಯವನೂ ಪಂಪು ಬಿಟ್ಟು ಬಂದು, "ಗೆದ್ಬುಟ್ಟೆ ಕಣ್ಲಾ!" ಅಂದ.

ಆಮೇಲೆ ಮಾವ ಅತ್ತೆಯ ಹತ್ತಿರ ಮೆಲ್ಲಗೆ ಅಂದರು: "ಬಲಗಿವಿ ಓಗಿ ಎರಡು ವರ್ಷ ಆಯ್ತು ಕಣೇ. ನಿನ್ಗೆ ಏಳ್ಲಿಲ್ಲ."

ಅತ್ತೆ ಕ್ಯಾನು ಕೆಳಗಿಟ್ಟರು. "ಗೊತ್ತು ಬುಡಿ. ಎರಡು ವರ್ಷದಿಂದ ಊಟಕ್ಕೆ ನಿಮ್ಮ ಎಡಗಡೇನೇ ಯಾಕೆ ಕುಂತ್ಕತಾ ಇವ್ನಿ ಅನ್ಕಂಡ್ರಿ?"