ನಮ್ಮ ಅತ್ತಿಯವರ ನಲವತ್ತು ಕಿಡಕಿ

ನಮ್ಮ ಅತ್ತಿಯವರ ಕೈಯಾಗ ಒಂದು ಮೌಸ್ ಕೊಟ್ಟು ನೋಡ್ರಿ. ಯಮಧರ್ಮ ಎಲ್ಲಿ ಕುಂತಾನ ಅಂತ ಹುಡುಕಿ, ಅವನ ಕೋಣಕ್ಕೂ ಒಂದು ನೌಕರಿ ಹಚ್ಚಿ ಬರ್ತಾರ!

ಸುಳ್ಳಲ್ರಿ. ಅತ್ತಿ ಅಂದ್ರ ನನ್ನ ಹೆಂಡತಿ ತಾಯಿ. ವಯಸ್ಸು ಅರವತ್ತೆರಡು, ಓದಿದ್ದು ಮುಂಬೈ ಪರೇಲಿನ ಮುನ್ಸಿಪಾಲ್ಟಿ ಸಾಲ್ಯಾಗ ಏಳನೆತ್ತಾ. ನಾನು? ನಾನು ಮೆಟ್ರಿಕ್ ಪಾಸ್ ಆದಾವ! ಹದಿನೆಂಟು ವರ್ಷ ಬಿಲ್ಡಿಂಗಿನ ಕೆಲಸದಾಗ ಸಿಮೆಂಟ್ ಚೀಲ ಹೊತ್ತು, ಸಂಜಿಮುಂದ ಕುರ್ಲಾದ ನೈಟ್ ಸ್ಕೂಲಿನ ಸಣ್ಣ ಬೆಂಚಿನ್ಯಾಗ ಮೊಣಕಾಲು ತುರುಕಿ ಕುಂತು, ಮೂವತ್ತಾರನೇ ವಯಸ್ಸಿಗೆ ಪಾಸ್ ಆದಾವ. ಹಂಗ ಓದಿದ್ದಕ್ಕ ನನಗ ಒಂದು ಕುರ್ಚಿ ಸಿಕ್ತು. ಜೀವನದಾಗ ಮೊದಲನೇ ಕುರ್ಚಿ. ಆ ಕುರ್ಚಿ ಬಾಜೂಕ ಇನ್ನೊಂದು ಕುರ್ಚಿ ಹಾಕಿಸ್ಕೊಂಡು ಕುಂತಾವ್ರು ಯಾರು? ಅತ್ತಿಯವರು! ಹೊಟ್ಟಿ ಉರಿಯೂದಿಲ್ಲೇನ್ರಿ?

ನಮ್ಮ ಆಫೀಸ್ ಜೋಗೇಶ್ವರಿಯಾಗ, ಒಂದು ಡಬ್ಬಿ ಕಾರ್ಖಾನಿ ಮ್ಯಾಲಿನ ಖೋಲಿ. ಕೆಲಸಕ್ಕ ಮಂದಿ ಬೇಕು ಅಂದಾವರಿಗೆ ಇಂಟರ್ನೆಟ್ಟಿನ್ಯಾಗ ಮಂದಿ ಹುಡುಕಿ ಕೊಡೂದು ನಮ್ಮ ಧಂಧೆ. ಮಾಲಕರು ಉಡುಪಿ ಕಡೆಯವರು. ಒಂದಿನ ಅವರಿಗೆ ಅರ್ಜೆಂಟಾಗಿ ಒಬ್ಬ ಎಸಿ ರಿಪೇರಿಯಾವ ಬೇಕಾಗಿದ್ದ. ನಾನು ಮುಂಜಾನಿಂದ ಒಂದ ಬೆರಳಿಲೆ ಕೀಬೋರ್ಡ್ ಒತ್ತಿ ಟಕ್... ಟಕ್... ಅಂತ ಹುಡುಕಾಕತ್ತಿದ್ದೆ. ಮನ್ಯಾಗ ಮರತು ಬಂದಿದ್ದ ನನ್ನ ಊಟದ ಡಬ್ಬಿ ತಗೊಂಡು ಅತ್ತಿಯವರು ಕುರ್ಲಾದಿಂದ ಲೋಕಲ್ ಹಿಡಿದು ಬಂದ್ರು. ಬಂದು ಹಿಂದ ನಿಂತ್ರು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಮಂದ್ಯಾಗ ಅತ್ತಿ ಆದಾಕಿ ಅಳಿಯನ ಜೋಡಿ ನೇರ ಮಾತಾಡೂದಿಲ್ಲ. ತೆಲಿ ಮ್ಯಾಲ ಸೆರಗು ಎಳಕೊಂಡು, ಮಗ್ಗಲದಾಗ ಇದ್ದಾವರಿಗೆ ಹೇಳಬೇಕು, "ಅಳಿಯಂದ್ರಿಗೆ ಉಣ್ಣಾಕ ಹೇಳ್ರಿ" ಅಂತ. ಮಗ್ಗಲದಾಗ ಯಾರೂ ಇಲ್ಲಂದ್ರ ಗ್ವಾಡಿಗೆ ಹೇಳ್ತಾರ. ಆವತ್ತು ಯಾರಿಗೆ ಹೇಳಿದ್ರು ಗೊತ್ತೈತೇನು?

"ಕಂಪ್ಯೂಟರಪ್ಪಾ, ಅಳಿಯಂದ್ರಿಗೆ ಹೇಳಪಾ, ಅವರ ಬಳ್ಳು ಎದ್ದು ಇಳಿಯೂದ್ರಾಗ ಬ್ಯಾಸಗಿ ಮುಗೀತೈತಿ. ಯಾರಿಗೆ ಬೇಕು ಆಮ್ಯಾಲ ಎಸಿ?"

ಮಾಲಕರು ಬಿದ್ದು ಬಿದ್ದು ನಕ್ಕರು. "ನೀವೇ ಹುಡುಕಿ, ನೋಡುವ ಅಮ್ಮಾ" ಅಂದ್ರು. ಮನ್ಯಾಗ ಮಮ್ಮಗಳ ಕಡೆಯಿಂದ ಇವರು ಯಾವಾಗ ಕಂಪ್ಯೂಟರ್ ಎಲ್ಲಾ ಕಲ್ತಿದ್ರೋ ದೇವರಿಗೇ ಗೊತ್ತು. ಎರಡು ಕೀ ಕೂಡಿಸಿ ಒತ್ತಿದ್ರ ಸ್ಕ್ರೀನಿನ್ಯಾಗ ಹೊಸಾ ಕಿಡಕಿ. ಮತ್ತೆರಡು ಒತ್ತಿದ್ರ ಮುಚ್ಚಿದ್ದ ಕಿಡಕಿ ತಿರುಗಿ ಬರ್ತೈತಿ. ಒಂದ ಪುಟದಾಗ ಬೇಕಾದ ಶಬ್ದ ಹಿಡಿಯಾಕ ಇನ್ನೆರಡು. ನಲವತ್ತು ಕಿಡಕಿ ತೆರೆದು, ಅಂಬೋಲಿ ಕಡೆ ಒಂದು ಸೊಸೈಟಿಯವರು ಗಣಪತಿ ಹಬ್ಬಕ್ಕ ಹಾಕಿದ ಫೋಟೋ ಹಿಡಿದ್ರು. ನಡುವ ಕುರ್ತಾ ಹಾಕ್ಕೊಂಡ ದೊಡ್ಡ ಮಂದಿ. ತೀರಾ ಅಂಚಿಗೆ ಒಬ್ಬಾವ, ಬೆವತು ತೊಯ್ದಾನ, ಕಿಸೆದಾಗ ಸ್ಕ್ರೂ ಡ್ರೈವರ್.

"ಕಂಪ್ಯೂಟರಪ್ಪಾ, ಹೇಳು. ಫೋಟೋದಾಗ ನಡುವ ನಿಂತಾವ ಬರೇ ಫೋಟೋಕ್ಕ ಬಂದಿರ್ತಾನ. ಅಂಚಿಗೆ ನಿಂತಾವ ಕೆಲಸ ಬಿಟ್ಟು ಓಡಿ ಬಂದು ನಿಂತಿರ್ತಾನ. ನಮಗ ಬೇಕಾದಾವ ಅವನ."

ಫೋಟೋ ಕೆಳಗ ಯಾರೋ ಅವನ ಹೆಸರು ಬರೆದಿದ್ರು. ಮೂರು ನಿಮಿಷ! ಅವ ಎಸಿ ರಿಪೇರಿಯಾವನ ಆಗಿದ್ದ!

"ಎಂತ ಮಾರಾಯ್ರೆ," ಮಾಲಕರು ನನ್ನ ಕಡೆ ತಿರುಗಿದ್ರು, "ನೀವು ಬೆಳಿಗ್ಗೆಯಿಂದ ಎಂತ ಮಾಡ್ತಾ ಇದ್ರಿ?"

"ಸ್ಪೆಲ್ಲಿಂಗ್ ಬರೋಬರಿ ಐತೇನು ನೋಡಾಕತ್ತಿದ್ದೆರಿ."

ಮರುದಿನದಿಂದ ಅತ್ತಿಯವರಿಗೆ ನೌಕರಿ. ನನ್ನ ಕುರ್ಚಿ ಮ್ಯಾಲಿನ ಮೆತ್ತನ ಗಾದಿನೂ ಅವರಿಗೇ ಹೋತು.

ಅವರಿಗೆ ಈ ವಿದ್ಯಾ ಎಲ್ಲಿಂದ ಬಂತು ಅಂತೀರಿ? ಮೂವತ್ತು ವರ್ಷ ಚಾಳಿನಿಂದ ಚಾಳಿಗೆ ಅಡ್ಡಾಡಿ ವರಾ ಕನ್ಯಾ ಕೂಡಿಸಿದ ಹೆಣ್ಮಗಳ್ರಿ! ನೌಕರಿನೂ ಅವರಿಗೆ ಒಂದು ಬೀಗತನ. ಪರೇಲಿನ ಒಂದು ಆಫೀಸಿಗೆ ಬಾಗಲದಾಗ ಕುಂತು ಬಂದಾವರನ್ನ ಮಾತಾಡ್ಸೂ ಹುಡುಗಿ ಬೇಕಾಗಿದ್ಲು. ಇವರು ಒಬ್ಬಾಕಿನ್ನ ಹುಡುಕಿ, ರೂಢಿ ಪ್ರಕಾರ ಫೋನಿನ್ಯಾಗ ಹೇಳಿದ್ರು, "ಶುಕ್ರವಾರ ದಿನಾ ಚೊಲೋ ಐತಿ. ಹಿರ್ಯಾರನ್ನ ಕರಕೊಂಡು ಹೋಗವಾ."

ಹೋದ್ಲು! ಏಳು ಮಂದಿ ಹಿರ್ಯಾರು, ಒಂದು ಟೆಂಗಿನಕಾಯಿ, ಎರಡು ಕಿಲೋ ಸಕ್ರಿ! ಮ್ಯಾನೇಜರ್ ಪ್ರಶ್ನಿ ಕೇಳೂಕಿಂತ ಮೊದಲ ಹುಡುಗಿ ಅಪ್ಪ ಕೇಳಿದ್ನಂತ, "ನಿಮ್ಮ ಸ್ವಭಾವ ಹೆಂಗ್ರಿ ಸಾಹೇಬ್ರ? ನಮ್ಮ ಹುಡುಗಿ ಭಾಳ ಸೂಕ್ಷ್ಮ ಅದಾಳ." ಆ ಮ್ಯಾನೇಜರ್ ಗಾಬರಿ ಆಗಿ, "ನಾನು ಸಿಟ್ಟು ಮಾಡ್ಕೊಳ್ಳೂದಿಲ್ಲರಿ" ಅಂತ ಮಾತು ಕೊಟ್ನಂತ. ಆಮ್ಯಾಲ ಫೋನಿನ್ಯಾಗ ಅವನ ಕಡೆಯಿಂದ ಬೈಸಿಕೊಂಡಾವ ಯಾರು? ನಾನು! ನೌಕರಿ ಮಾತ್ರ ಆ ಹುಡುಗಿಗೇ ಆತು. ಏಳು ಮಂದಿ ಮುಂದ ಮಾತು ಕೊಟ್ಟ ಮ್ಯಾಲ ಹುಡುಗಿ ಬಿಟ್ಟು ಹೋಗೂದಿಲ್ಲ, ಮ್ಯಾನೇಜರೂ ಬೈಯೂದಿಲ್ಲ.

ನಾನೇನು ಕೆಲಸಾ ಮಾಡ್ಲೇ ಇಲ್ಲೇನ್ರಿ? ಕೇಳ್ರಿ ಇಲ್ಲೆ. ಒಂದು ಸಾಲಿ ಬಸ್ಸಿಗೆ ಡ್ರೈವರ್ ಬೇಕಾಗಿದ್ದ. ಅತ್ತಿಯವರು ಎರಡು ನಿಮಿಷದಾಗ ಹಿಡಿದು ತಂದ್ರು. ಕಾಗದಪತ್ರ ನೋಡೂದು ನನ್ನ ಪಾಲಿಗೆ. ನಾನು ಒಂದೊಂದ ಅಕ್ಷರಕ್ಕ ಬಳ್ಳು ಇಟ್ಟು ಓದಾವ. ಲೈಸನ್ಸಿನ ಫೋಟೋ ನೋಡಿದೆ, ಎದುರಿಗೆ ನಿಂತಾವನ್ನ ನೋಡಿದೆ, ಮತ್ತ ಫೋಟೋ ನೋಡಿದೆ. ಫೋಟೋದಾವನ ಎಡಗಿವಿ ಹರದಿತ್ತು. ಇವನ ಎರಡೂ ಕಿವಿ ಗಟ್ಟಿ! ಕೇಳಿದ್ರ, ಅಣ್ಣನ ಲೈಸನ್ಸ್ ತಂದಿದ್ನಂತ ಪುಣ್ಯಾತ್ಮ.

ಬಸ್ಸಿನ ತುಂಬ ಸಣ್ಣ ಸಣ್ಣ ಕೂಸು ಕುಂದ್ರತಿದ್ವು! ಮಾಲಕರು ಏನಂದ್ರು? "ಹೌದಾ? ಒಳ್ಳೇದಾಯ್ತು" ಅಂದು ಫೋನ್ ಎತ್ತಿದ್ರು. ಅತ್ತಿಯವರು? ಅವರು ನನ್ನ ಕಡೆ ತಿರುಗಿ ನೋಡಲೂ ಇಲ್ಲ. ಟಕ್ ಅಂತ ಒಂದು ಹೊಸಾ ಕಿಡಕಿ ತೆರೆದ್ರು, ಅಷ್ಟ. ಒಂದು ಶಾಬ್ಬಾಸ್ ಅಂದಿದ್ರ ಇವರದೇನು ಸವೀತಿತ್ತು?

ಆ ವಾರನ ಮಾಲಕರು ಬಾಂಬ್ ಹಾಕಿದ್ರು. "ನೋಡಿ, ಬೇಜಾರು ಮಾಡ್ಕೊಳ್ಬೇಡಿ. ಮುಂದಿನ ತಿಂಗಳಿಂದ ಒಂದೇ ಕುರ್ಚಿ ಇಡ್ಲಿಕ್ಕೆ ಆಗುವುದು. ಯಾರು ಹೆಚ್ಚು ಜನ ಕೊಡ್ತಾರೋ ಅವರಿಗೆ."

ಅತ್ತಿಯವರು ಕೊಟ್ಟ ಮಂದಿ ಹದಿನೇಳು. ನಾ ಕೊಟ್ಟಾವ್ರು ಮೂರು. ಅದರಾಗ ಒಬ್ಬ ಎರಡನೇ ದಿನಕ್ಕ ಊರಿಗೆ ಓಡಿ ಹೋಗಿದ್ದ. ಕುರ್ಚಿ ಹೋದ್ರ ಮತ್ತ ಸಿಮೆಂಟ್ ಚೀಲ! ಈ ವಯಸ್ಸಿನ್ಯಾಗ ಬೆನ್ನು ಕೇಳ್ತೈತೇನು? ಮನಿಗೆ ಬಂದು ಹೆಂಡತಿ ಮುಂದ ಅತ್ತರ, "ಎರಡೂ ಕುರ್ಚಿ ನಮ್ಮ ಮನಿವೇ ಅಲ್ಲೇನ್ರಿ? ಯಾವದು ಉಳಿದ್ರೇನು?" ಅಂತ ರೊಟ್ಟಿ ಬಡಿಯಾಕ ಹತ್ತಿದ್ಲು. ತಾಯಿಗೆ ತಕ್ಕ ಮಗಳು!

ತಿಂಗಳ ಕಡೀ ಶನಿವಾರ ನನ್ನ ಮೊಬೈಲಿಗೆ ಒಂದು ಫೋನ್ ಬಂತು. ಪರೇಲಿನ ಒಂದು ಆಸ್ಪತ್ರಿಯವರು. "ನಿಮ್ಮ ಹೆಸರು ನಮಗೆ ಕೆಲಸಕ್ಕೆ ಬಂದಿದೆ. ಸೋಮವಾರ ಹತ್ತು ಗಂಟೆಗೆ ಮಾತಾಡಲು ಬನ್ನಿ" ಅಂತ ಹಿಂದಿಯಾಗ ಹೇಳಿದ್ರು. ಯಾರು ಕೊಟ್ರು ಅಂತ ಕೇಳಿದ್ರ, ನಮ್ಮ ಆಫೀಸಿನ ಹೆಸರ ಹೇಳಬೇಕಾ!

ನನಗ ಉರಿ ನೆತ್ತಿಗೇರ್ತು. ನನ್ನನ್ನ ಹದಿನೆಂಟನೇದಾವನ್ನ ಮಾಡಿ ಲೆಕ್ಕದಾಗ ಸೇರಿಸ್ಕೊಂಡು, ಕುರ್ಚಿ ಹೊಡಕೊಳ್ಳೂ ಹಂಚಿಕಿ! ನಾನೂ ಸೊಟ್ಟ ಕುಂತೆ. ನೇರ ಅವರಿಗೆ ಅನ್ನಲಿಲ್ಲ.

"ಕಂಪ್ಯೂಟರಪ್ಪಾ! ಅತ್ತಿಯವರಿಗೆ ಹೇಳು! ಮನಿ ಅಳಿಯನ್ನ ಸಾಗ ಹಾಕೂ ಅತ್ತಿನ್ನ ಈ ಮುಂಬೈದಾಗ ಯಾರೂ ನೋಡಿರಲಿಕ್ಕಿಲ್ಲ ಅಂತ ಹೇಳು!"

ಅವರು ಸೆರಗು ಎಳಕೊಂಡ್ರು. "ಕಂಪ್ಯೂಟರಪ್ಪಾ, ಅಳಿಯಂದ್ರಿಗೆ ಹೇಳು, ಸಿಟ್ಟು ನಿನ್ನ ಮ್ಯಾಲ ತೀರಿಸ್ಬ್ಯಾಡ್ರಿ ಅಂತ. ನಾ ಕೆಳಗ ಹೋಗಿ ಛಾ ತರ್ತೀನಿ."

ಹೋದ್ರು. ನಾನು ಹೋಗಿ ಅವರ ಕುರ್ಚಿ ಮ್ಯಾಲ, ನನ್ನ ಗಾದಿ ಮ್ಯಾಲ, ಕುಂತೆ. ಇವರ ನಲವತ್ತೂ ಕಿಡಕಿ ಮುಚ್ಚಿ ಬಿಡ್ತೀನಿ ಅಂತ ಸಿಟ್ಟು. ಎಲ್ಲಾ ಒಮ್ಮೆಲೇ ಮುಚ್ಚೂದು ನನಗೆಲ್ಲಿ ಬರ್ತೈತಿ? ಒಂದೊಂದ ಮುಚ್ಚಬೇಕು. ಮುಚ್ಚೂ ಮೊದಲು ಓದಬೇಕು. ಓದಲಾರದ ಏನೂ ಮುಚ್ಚಿದಾವಲ್ಲ ನಾನು.

ಒಂದು ಕಿಡಕಿ, ಒಂದು ಲೈಬ್ರರಿ. ಹಳೇ ಪುಸ್ತಕದ ಪಟ್ಟಿ ಮಾಡಾಕ ಮನುಷ್ಯಾ ಬೇಕು. ಇನ್ನೊಂದು, ಕೋರ್ಟಿನ ಕಾಗದ ಒಂದಕ್ಕೊಂದು ತಾಳೆ ಹಾಕಿ ನೋಡಾವ ಬೇಕು. ಮತ್ತೊಂದು ಆಸ್ಪತ್ರಿ, ಮತ್ತೊಂದು, ಮತ್ತೊಂದು. ಅವಸರದ ಕೆಲಸ ಒಂದೂ ಇರಲಿಲ್ಲ. ಎಲ್ಲಾ ಕೂತು, ಬಳ್ಳು ಇಟ್ಟು, ಸಾವಕಾಶ ನೋಡೂ ಕೆಲಸ. ಹುಡುಕಾಕ ಸುರು ಮಾಡಿದ ದಿನಾನೂ ಕಾಣಸ್ತಿತ್ತು. ಅಣ್ಣನ ಲೈಸನ್ಸ್ ತಂದ ಡ್ರೈವರ್ ಸಿಕ್ಕಿಬಿದ್ದ ದಿನಾ.

ಪರೇಲಿನ ಆಸ್ಪತ್ರಿಗೆ ಮರಾಠಿಯಾಗ ಬರೆದ ಪತ್ರ ಇತ್ತು. ಅದರಾಗ ನನ್ನ ಹೆಸರು. ಮದುವಿ ಆದ ಹದಿನಾಕು ವರ್ಷದಾಗ ಅವರ ಬಾಯಿಂದ ನಾ ಒಮ್ಮೆನೂ ಕೇಳಲಾರದ ಹೆಸರು. "ಈ ಮನುಷ್ಯಾ ಸಾವಕಾಶ ಓದ್ತಾನ. ಇವನ ಕೈಯಾಗ ಒಬ್ಬರ ಕಾಗದ ಇನ್ನೊಬ್ಬರ ಫೈಲಿಗೆ ಹೋಗೂದಿಲ್ಲ. ನಾನು ಇವನಿಗೆ ನನ್ನ ಮಗಳನ್ನ ಕೊಟ್ಟೀನಿ. ನೀವು ಒಂದು ಕುರ್ಚಿ ಕೊಡ್ರಿ."

ಕಡೀ ಕಿಡಕಿಯಾಗ ಒಂದು ಫೋಟೋ ಇತ್ತು. ನಮ್ಮ ನೈಟ್ ಸ್ಕೂಲಿನ್ದು, ಪಾಸ್ ಆದಾವ್ರು ಮಾಸ್ತರ ಸುತ್ತ ನಿಂತು ತೆಗಿಸಿದ್ದು. ಆವತ್ತು ನಾನು ಸೈಟಿನಿಂದ ಓಡಿ ಬಂದು ಹಿಂದಿನ ಸಾಲಿನ ತೀರಾ ಅಂಚಿಗೆ ನಿಂತಿದ್ದೆ. ಫೋಟೋದಾಗ ನಾ ಬಂದಿದ್ದು ಅರ್ಧಾನ. ಅತ್ತಿಯವರು ಅದನ್ನ ಎಷ್ಟು ದೊಡ್ಡದು ಮಾಡಿದ್ರಂದ್ರ, ನಡುವ ನಿಂತಾವ್ರೆಲ್ಲಾ ಸ್ಕ್ರೀನಿನ ಹೊರಗ ಹೋಗಿದ್ರು. ಕಿವಿ ಮ್ಯಾಲ ಸಿಮೆಂಟ್ ಧೂಳ ಹತ್ತಿದ ನನ್ನ ಅರ್ಧಾ ಮುಖ ಸ್ಕ್ರೀನ್ ತುಂಬ ಇತ್ತು.

ಹಿಂದ ಛಾದ ವಾಸನಿ ಬಂತು.

"ಕಂಪ್ಯೂಟರಪ್ಪಾ," ಅಂದ್ರು ಅತ್ತಿಯವರು, ಸಣ್ಣ ದನಿಲೆ, "ಅಳಿಯಂದ್ರಿಗೆ ಹೇಳು, ಛಾ ಆರತೈತಿ. ಸೋಮವಾರಕ್ಕ ಬಿಳಿ ಅಂಗಿ ಇಸ್ತ್ರಿ ಮಾಡಿ ಇಟ್ಟೀನಿ ಅಂತನೂ ಹೇಳು."

ನಾನೂ ಕಂಪ್ಯೂಟರಪ್ಪಗ ಏನೋ ಹೇಳಬೇಕಂದೆ. ಎದ್ದು ಅವರ ಕುರ್ಚಿ ಅವರಿಗೆ ಬಿಟ್ಟು, ಗಾದಿ ಸರಿ ಮಾಡಿ ಇಟ್ಟೆ.

ಮೂವತ್ತೊಂಬತ್ತು ಕಿಡಕಿ ಮುಚ್ಚಿದ್ದೆ. ಆ ಒಂದನ್ನ ಮುಚ್ಚಲಿಲ್ಲ.