ಇಂಗ್ಲಿಷ್ ಮೇಷ್ಟ್ರ ಅರ್ಥ ಯಾರಿಗೆ ಬೇಕು?

ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ಚಾಮರಾಜನಗರದ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಮಕ್ಕಳಿಗೆ ಕಲಿಸುವುದು ಹೇಗೋ ನಡೆಯುತ್ತದೆ. ದೊಡ್ಡವರಿಗೆ ಒಂದು ಮಾತಿನ ಸರಿಯಾದ ಅರ್ಥ ಹೇಳಹೊರಟಾಗಲೆಲ್ಲ ಏನಾದರೊಂದು ಎಡವಟ್ಟು. ಸುಮ್ಮನಿರಲು ನನಗೂ ಬರುವುದಿಲ್ಲ.

ಸ್ಟೇಷನ್

ಪರೀಕ್ಷೆಯ ಪೇಪರ್ ತಿದ್ದಲು ಮೈಸೂರಿಗೆ ಹೊರಟಿದ್ದೆ. ಯಾರಾದರೂ ಫೋನ್ ಮಾಡಿದರೆ ‘ಔಟ್ ಆಫ್ ಸ್ಟೇಷನ್’ ಅನ್ನು ಎಂದು ಹೆಂಡತಿಗೆ ಹೇಳಿದೆ. ಅಷ್ಟಕ್ಕೆ ಬಿಡಬೇಕಿತ್ತು. ಬ್ರಿಟಿಷರ ಕಾಲದಲ್ಲಿ ಅಧಿಕಾರಿ ಕೆಲಸಕ್ಕಿದ್ದ ಊರಿಗೇ ಸ್ಟೇಷನ್ ಎನ್ನುತ್ತಿದ್ದರು, ಅದಕ್ಕೂ ರೈಲಿಗೂ ಸಂಬಂಧವಿಲ್ಲ ಎಂದು ಬಸ್ಸು ತಪ್ಪುವಷ್ಟು ಹೊತ್ತು ವಿವರಿಸಿದೆ.

ಮರುದಿನ ಭೀಮನಬೀಡಿನಿಂದ ನಮ್ಮ ದೊಡ್ಡಪ್ಪ ಫೋನ್ ಮಾಡಿದರಂತೆ. ಇವಳು ಹೇಳಿಕೊಟ್ಟ ಹಾಗೆಯೇ ಹೇಳಿದಳು. ದೊಡ್ಡಪ್ಪ ನಿಟ್ಟುಸಿರು ಬಿಟ್ಟು ಕೇಳಿದರು: “ಸದ್ಯ, ಬುಟ್ರಲ್ಲ. ಒಡುದ್ರೇನವ್ವ?”

ಪಾಸ್ ಔಟ್

ನಮ್ಮ ಪಿ.ಟಿ. ಮೇಷ್ಟ್ರು ಯಾರು ಸಿಕ್ಕಿದರೂ ತಾವು ಮೈಸೂರಲ್ಲಿ ಪಾಸ್ ಔಟ್ ಆದವರು ಎನ್ನುತ್ತಿದ್ದರು. ಪಾಸ್ ಔಟ್ ಅಂದರೆ ಪ್ರಜ್ಞೆ ತಪ್ಪುವುದು, ಡಿಗ್ರಿ ಮುಗಿಸಿದ್ದಕ್ಕೆ ಹಾಗೆ ಹೇಳಬಾರದು ಎಂದು ವಾರವಿಡೀ ತಲೆಗೆ ತುಂಬಿದೆ. ಅವರೂ ತಲೆಯಾಡಿಸಿದರು. ಆಮೇಲೊಂದು ದಿನ ಬಿಸಿಲಲ್ಲಿ ಡ್ರಿಲ್ ಮಾಡುತ್ತಿದ್ದ ಹುಡುಗಿಯೊಬ್ಬಳು ಕುಸಿದುಬಿದ್ದಳು. ನಾನು ನೀರು ಚಿಮುಕಿಸುತ್ತಾ, ಒಬ್ಬಳು ಪಾಸ್ ಔಟ್ ಆಗಿದ್ದಾಳೆ, ಬೇಗ ಬನ್ನಿ ಎಂದು ಕೂಗಿದೆ.

ಅವರು ನಗುನಗುತ್ತಾ ಬಂದರು. “ಫಸ್ಟ್ ಕ್ಲಾಸಾ ಸಾರ್?”

ಹೋಮ್ಲಿ

ಕುದೇರಿನ ನಮ್ಮ ಮಾವನ ಮನೆಗೆ, ಹೆಂಡತಿಯ ತಂಗಿಯನ್ನು ನೋಡಲು ಗಂಡಿನವರು ಬಂದಿದ್ದರು. ಹಿಂದೆ ಬಂದ ಸಂಬಂಧಗಳು ತಪ್ಪಿಹೋಗಿ ಮಾವ ಸೋತಿದ್ದರು. ಬಾಯಿ ಬಿಡಕೂಡದು ಎಂದು ಹೇಳಿಯೇ ಹೆಂಡತಿ ನನ್ನನ್ನು ಕರೆದುಕೊಂಡು ಹೋಗಿದ್ದಳು.

ಗಂಡಿನ ತಂದೆ, ತಮಗೆ ಬೇರೇನೂ ಬೇಡ, ಹುಡುಗಿ ಹೋಮ್ಲಿಯಾಗಿದ್ದರೆ ಸಾಕು ಎಂದರು. ತಡೆದುಕೊಂಡೆ. ಅವರು ಮತ್ತೊಮ್ಮೆ ಎಂದರು. ಇನ್ನು ಆಗಲಿಲ್ಲ. ಆ ಮಾತಿಗೆ ಮೊದಲು ಮನೆಯಂಥದು, ಸಾದಾ ಎಂಬ ಅರ್ಥವಿತ್ತು, ಈಗ ಅಮೆರಿಕದ ಕಡೆ ನೋಡಲು ಚೆನ್ನಾಗಿಲ್ಲದವರಿಗೆ ಹಾಗೆನ್ನುತ್ತಾರೆ ಎಂದುಬಿಟ್ಟೆ.

ಮಾವ ತಲೆ ತಗ್ಗಿಸಿದರು. ಹೆಂಡತಿ ನನ್ನನ್ನೇ ನೋಡಿದಳು. ಗಂಡಿನ ತಂದೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಏಳಲು ಹೊರಟರು. ಆ ಮದುವೆಯನ್ನು ಉಳಿಸಿದ್ದು ಹುಡುಗಿಯೇ. ಕಾಫಿ ತಟ್ಟೆ ಕೆಳಗಿಟ್ಟು, ಗಂಡನ್ನು ಒಂದು ಸಲ ಸರಿಯಾಗಿ ನೋಡಿ, ನನ್ನ ಕಡೆ ತಿರುಗಿದಳು.

“ಇವ್ರೂವೆ ಹೋಮ್ಲಿಯಾಗೇ ಅವ್ರೆ ಬಾವ. ನಂಗೆ ಒಪ್ಗೆ.”